ಓಡುವ ಕುದುರೆಯ ಉಸಿರು: ಮರೆಯಲ್ಲಿದ್ದ ಒಂದು ದೋಷವನ್ನು ಹುಡುಕಿದ ಇತಿಹಾಸ

ಸೂರಃ ಅಲ್‌ಆದಿಯಾತನ್ನು ಮಕ್ಕಳಿಗೆ ಕಲಿಸುವಾಗ ಮೊದಲ ವಚನದ ಒಂದು ಪದದ ಬಳಿ ನಾನು ಪ್ರತಿ ವರ್ಷವೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹನ್ನೊಂದು ವಚನಗಳ ಆ ಕಿರು ಅಧ್ಯಾಯವು ಓಡುವ ಜೀವಿಗಳ ಮೇಲಿನ ಆಣೆಯೊಂದಿಗೆ ಆರಂಭವಾಗುತ್ತದೆ. ಅವು ಹಜ್ಜ್ ಯಾತ್ರೆಯ ಒಂಟೆಗಳು ಎಂಬ ಅಭಿಪ್ರಾಯವು ಅಲೀ(ರ)ರಿಂದಲೂ, ಕುದುರೆಗಳು ಎಂಬ ಅಭಿಪ್ರಾಯವು ಇಬ್ನು ಅಬ್ಬಾಸ್(ರ)ರಿಂದಲೂ ವರದಿಯಾಗಿದೆ. ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರು ಎರಡನೆಯದನ್ನೇ ಸ್ವೀಕರಿಸಿದ್ದಾರೆ. ನಾನು ನಿಲ್ಲುವ ಆ ಪದ ‘ದಬ್‌ಹ್’. ಅದು ಹೇಷಾರವವಲ್ಲ, ಮೇವು ಕಂಡಾಗ ಕುದುರೆ ಮೆಲ್ಲನೆ ಹೊರಡಿಸುವ ಸದ್ದೂ ಅಲ್ಲ. ಓಡುವಾಗ ಅದರ ಒಡಲಿನಿಂದ ಕೇಳಿಬರುವ ಉಸಿರಿನ ಸದ್ದು ಎಂದು ಅರಬಿ ಭಾಷಾವಿದ್ವಾಂಸರು ವಿವರಿಸಿದ್ದಾರೆ. ನಿಂತ ಕುದುರೆಗೆ ದಬ್‌ಹ್ ಇಲ್ಲ.

ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: “ಉಸ್ತಾದ್, ಓಡಿದರೆ ನಮಗೆ ತಾನಾಗಿ ಬಾಯಿ ತೆರೆದುಕೊಳ್ಳುತ್ತದೆ. ಕುದುರೆಯೂ ಬಾಯಿಯಿಂದಲೇ ಉಸಿರಾಡುತ್ತದೆಯೇ?” ನನಗೆ ಉತ್ತರ ತಿಳಿದಿರಲಿಲ್ಲ. ನಾಳೆ ಹೇಳುತ್ತೇನೆಂದು ಪಾಠ ಮುಂದುವರಿಸಿದೆ. ಆ ‘ನಾಳೆ’ ಹಲವು ತಿಂಗಳುಗಳಷ್ಟು ದೀರ್ಘವಾಯಿತು. ಕುದುರೆಯ ಗಂಟಲನ್ನು ಅರಿಯಲು ಮನುಷ್ಯನು ಪಟ್ಟ ಪಾಡು ಶತಮಾನಗಳ ಕಥೆಯೆಂಬುದು ಓದುತ್ತಾ ಹೋದಂತೆ ತಿಳಿಯಿತು. ಆ ಕಥೆಯಲ್ಲಿ ಮೂಕಪ್ರಾಣಿಯೊಂದಕ್ಕೆ ಸಲ್ಲಬೇಕಾದ ನ್ಯಾಯದ ಪ್ರಶ್ನೆಯೂ ಇದೆ. ಆದ್ದರಿಂದ ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಉಸಿರಿಗೆ ಒಂದೇ ದಾರಿ

ಹುಡುಗನ ಪ್ರಶ್ನೆಗೆ ಉತ್ತರ: ಇಲ್ಲ, ಕುದುರೆ ಬಾಯಿಯಿಂದ ಉಸಿರಾಡುವುದಿಲ್ಲ. ಮನುಷ್ಯನ ಗಂಟಲಿನಲ್ಲಿ ಮೂಗಿನ ದಾರಿಯೂ ಬಾಯಿಯ ದಾರಿಯೂ ಒಂದಾಗುತ್ತವೆ. ಕುದುರೆಯಲ್ಲಿ ಹಾಗಲ್ಲ. ಅದರ ಮೃದು ಅಂಗುಳವು ಉದ್ದವಾಗಿ ಹಿಂದಕ್ಕೆ ಚಾಚಿಕೊಂಡು ಧ್ವನಿಪೆಟ್ಟಿಗೆಯ ಬುಡವನ್ನು ಸುತ್ತುವರಿದಿರುತ್ತದೆ. ಧ್ವನಿಪೆಟ್ಟಿಗೆಯ ಬಾಯಿಯಲ್ಲಿರುವ ಎಲೆಯಾಕಾರದ ಮೃದ್ವಸ್ಥಿಯು, ಅಂದರೆ ಎಪಿಗ್ಲಾಟಿಸ್, ಆ ಅಂಗುಳದ ಮೇಲೆ ಒರಗಿರುತ್ತದೆ. ಅಂಗಿಯ ಗುಂಡಿಯು ಕಾಜದಲ್ಲಿ ಸೇರಿಕೊಂಡಂತೆ ಇವೆರಡೂ ಒಂದಕ್ಕೊಂದು ಹೊಂದಿಕೊಂಡಿವೆ. ನುಂಗುವ ಕ್ಷಣದಲ್ಲಿ ಮಾತ್ರ ಆ ಹಿಡಿತ ಸಡಿಲವಾಗಿ, ಮರುಕ್ಷಣವೇ ಮತ್ತೆ ಕೂಡಿಕೊಳ್ಳುತ್ತದೆ. ಹೀಗಾಗಿ ಶ್ವಾಸಕೋಶಕ್ಕೆ ಹೋಗುವ ಗಾಳಿಗೆ ಮೂಗೊಂದೇ ದ್ವಾರ.

ಆ ದ್ವಾರದ ಮೂಲಕ ಸಾಗುವ ಗಾಳಿಯ ಪ್ರಮಾಣ ಬೆರಗು ಹುಟ್ಟಿಸುವಂಥದು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯು ನಿಮಿಷಕ್ಕೆ 8ರಿಂದ 16 ಬಾರಿ ಉಸಿರಾಡುತ್ತದೆ. ಪ್ರತಿ ಉಸಿರಿಗೆ ಸುಮಾರು 5 ಲೀಟರ್ ಗಾಳಿ. ಅದೇ ಕುದುರೆ ನಾಗಾಲೋಟದಲ್ಲಿ ಓಡುವಾಗ ನಿಮಿಷಕ್ಕೆ 120ಕ್ಕೂ ಹೆಚ್ಚು ಬಾರಿ ಉಸಿರಾಡುತ್ತದೆ. ಪ್ರತಿ ಉಸಿರಿಗೆ 12 ಲೀಟರಿಗೂ ಮಿಗಿಲು. ಅಂದರೆ ನಿಮಿಷಕ್ಕೆ 1,500 ಲೀಟರಿನ ಆಸುಪಾಸು. ಇನ್ನೂ ಸೋಜಿಗದ ಸಂಗತಿಯೆಂದರೆ, ನಾಗಾಲೋಟದಲ್ಲಿ ಅದರ ಹೆಜ್ಜೆಗೂ ಉಸಿರಿಗೂ ಒಂದೇ ತಾಳ. ಒಂದು ನೆಗೆತಕ್ಕೆ ಒಂದು ಉಸಿರು. ದಣಿದಾಗ ನಾವು ನಿಂತು ಎರಡು ಉಸಿರು ಹೆಚ್ಚು ಎಳೆದುಕೊಳ್ಳುವಂತೆ ಓಡುತ್ತಿರುವ ಕುದುರೆಯು ಮಾಡಲಾರದು.

ಇಷ್ಟು ವೇಗದಲ್ಲಿ ಗಾಳಿಯನ್ನು ಒಳಗೆಳೆದಾಗ ದಾರಿಯ ಗೋಡೆಗಳು ಒಳಮುಖವಾಗಿ ಸೆಳೆಯಲ್ಪಡುತ್ತವೆ. ಮೆದುವಾದ ಕೊಳವೆಯಿಂದ ಶರಬತ್ತನ್ನು ಜೋರಾಗಿ ಹೀರಿದರೆ ಕೊಳವೆಯೇ ಚಪ್ಪಟೆಯಾಗುವುದನ್ನು ಮಕ್ಕಳೂ ಬಲ್ಲರು. ಆರೋಗ್ಯವಂತ ಕುದುರೆಯ ಗಂಟಲಿನ ಸ್ನಾಯುಗಳು ಆ ಸೆಳೆತಕ್ಕೆ ಎದುರಾಗಿ ನಿಂತು ದಾರಿಯನ್ನು ತೆರೆದಿಡುತ್ತವೆ. ಸ್ನಾಯುವೊಂದು ದುರ್ಬಲವಾಗಿದ್ದರೆ ಲಾಯದಲ್ಲಿ ಅದು ಯಾರ ಗಮನಕ್ಕೂ ಬಾರದು. ಓಟದ ಅತಿವೇಗದ ಘಟ್ಟದಲ್ಲಿ ಮಾತ್ರ ದಾರಿ ಕುಸಿಯುತ್ತದೆ.

ಇಂತಹ ತೊಂದರೆಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದರಲ್ಲಿ ಧ್ವನಿಪೆಟ್ಟಿಗೆಯ ಎಡಬದಿಯ ಬಾಗಿಲು ತೆರೆಯದೆ ಗಾಳಿಯ ಹಾದಿಗೆ ಅಡ್ಡಲಾಗಿ ಜೋತುಬೀಳುತ್ತದೆ. ಆಗ ಉಸಿರನ್ನು ಒಳಗೆಳೆಯುವಾಗ ಸಿಳ್ಳೆಯಂತಹ, ತೊಂದರೆ ಹೆಚ್ಚಿದಾಗ ಗರ್ಜನೆಯಂತಹ ಸದ್ದು ಕೇಳುತ್ತದೆ. ಎರಡನೆಯದರಲ್ಲಿ ಮೃದು ಅಂಗುಳವು ಎಪಿಗ್ಲಾಟಿಸಿನ ಹಿಡಿತದಿಂದ ಜಾರಿ ಅದರ ಮೇಲಕ್ಕೆ ಬಂದು, ಗಾಳಿಯಲ್ಲಿ ಪಟದಂತೆ ಬಡಿದುಕೊಳ್ಳುತ್ತದೆ. ಆಗ ಉಸಿರನ್ನು ಹೊರಬಿಡುವಾಗ ಗೊರಗೊರ ಸದ್ದು ಬರುತ್ತದೆ. ಕೆಲವು ಕುದುರೆಗಳಲ್ಲಿ ಅದೂ ಇಲ್ಲ. ಚೆನ್ನಾಗಿ ಓಡುತ್ತಿದ್ದ ಪ್ರಾಣಿ ಗುರಿ ಸಮೀಪಿಸುತ್ತಿದ್ದಂತೆ ಇದ್ದಕ್ಕಿದ್ದಂತೆ ಕುಗ್ಗುತ್ತದೆ. ಒಂದೆರಡು ಬಾರಿ ನುಂಗಿದೊಡನೆ ಅಂಗುಳವು ಸ್ವಸ್ಥಾನಕ್ಕೆ ಮರಳುತ್ತದೆ. ವೈದ್ಯನು ಬಂದು ನೋಡುವ ಹೊತ್ತಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಸವಾರನು ಅದನ್ನು ಸೋಮಾರಿಯೆಂದೋ ಹಟಮಾರಿಯೆಂದೋ ತೀರ್ಮಾನಿಸುತ್ತಾನೆ. ಮುಂದಿನ ಓಟದಲ್ಲಿ ಅದಕ್ಕೆ ದೊರೆಯುವುದು ಔಷಧವಲ್ಲ, ಚಾಟಿಯೇಟು.

ಕಿವಿಯೇ ಉಪಕರಣವಾಗಿದ್ದ ಕಾಲ

ಪ್ರವಾದಿವರ್ಯರ(ಸ) ಕಾಲದ ಮದೀನಾದಲ್ಲಿ ಕುದುರೆ ಓಟದ ಸ್ಪರ್ಧೆಗಳು ನಡೆಯುತ್ತಿದ್ದವು. ಸಹೀಹುಲ್ ಬುಖಾರಿಯಲ್ಲಿ ಇಬ್ನು ಉಮರ್(ರ)ರಿಂದ ಉದ್ಧೃತವಾದ ವರದಿಯೊಂದಿದೆ. ಓಟಕ್ಕೆಂದು ಕ್ರಮವಾಗಿ ಪಳಗಿಸಿ ಮೈ ಇಳಿಸಿದ ಕುದುರೆಗಳಿಗೆ ಹಫ್‌ಯಾದಿಂದ ಸನಿಯ್ಯತುಲ್ ವದಾಅ್‌ವರೆಗಿನ ಓಟವನ್ನೂ, ಹಾಗೆ ಪಳಗಿಸದ ಕುದುರೆಗಳಿಗೆ ಸನಿಯ್ಯತುಲ್ ವದಾಅ್‌ನಿಂದ ಬನೂ ಝುರೈಕ್ ಮಸೀದಿಯವರೆಗಿನ ಓಟವನ್ನೂ ಪ್ರವಾದಿವರ್ಯರು(ಸ) ಗೊತ್ತುಪಡಿಸಿದ್ದರು. ಮೊದಲನೆಯದು ಐದಾರು ಮೈಲಿಗಳ ದೂರ, ಎರಡನೆಯದು ಒಂದು ಮೈಲಿಯಷ್ಟು ಎಂದು ವರದಿಗಾರರಲ್ಲೊಬ್ಬರಾದ ಸುಫ್‌ಯಾನರು ತಿಳಿಸಿದ್ದಾರೆ. ಇಬ್ನು ಉಮರ್(ರ) ಸ್ವತಃ ಆ ಸ್ಪರ್ಧೆಯಲ್ಲಿ ಪಾಲ್ಗೊಂಡಿದ್ದರು. ನಾನು ಇದನ್ನು ಹಲವು ಬಾರಿ ಓದಿದ್ದೆ. ಆದರೆ ದೂರವನ್ನು ಎರಡಾಗಿ ವಿಂಗಡಿಸಿದ್ದರ ಹಿಂದಿನ ಕರುಣೆಯನ್ನು ಗಮನಿಸಿರಲಿಲ್ಲ. ಪ್ರಾಣಿಯ ಉಸಿರು ತಾಳುವಷ್ಟೇ ಓಟವನ್ನು ಅದರಿಂದ ಅಪೇಕ್ಷಿಸಲಾಗಿತ್ತು.

ಮುಂದೆ ಅಬ್ಬಾಸಿಯರ ಬಗ್ದಾದಿನಲ್ಲಿ ಕುದುರೆಯ ಅರಿವು ಶಾಸ್ತ್ರದ ರೂಪ ಪಡೆಯಿತು. ಪಶುವೈದ್ಯನನ್ನು ಅರಬಿಯಲ್ಲಿ ‘ಬೈತಾರ್’ ಎನ್ನುತ್ತಾರೆ. ಆ ಪದವೇ ಗ್ರೀಕಿನಿಂದ ಬಂದದ್ದು. ಗ್ರೀಕರ ಅಶ್ವವೈದ್ಯ ಗ್ರಂಥಗಳೂ 9ನೆಯ ಶತಮಾನದಲ್ಲಿ ಅರಬಿಗೆ ಬಂದವು. ಅದೇ ಶತಮಾನದಲ್ಲಿ ಇಬ್ನು ಅಖೀ ಹಿಝಾಮ್ ಅಶ್ವಾರೋಹಣ ಮತ್ತು ಅಶ್ವವೈದ್ಯಗಳೆರಡನ್ನೂ ಒಳಗೊಂಡ ಗ್ರಂಥವನ್ನು ರಚಿಸಿದರು. 14ನೆಯ ಶತಮಾನದ ಕೈರೋದಲ್ಲಿ ಮಮ್ಲೂಕ್ ಸುಲ್ತಾನ ಅನ್ನಾಸಿರ್ ಮುಹಮ್ಮದ್ ಇಬ್ನು ಕಲಾವೂನ್‌ರ ಆಸ್ಥಾನದ ಬೈತಾರ್ ಆಗಿದ್ದ ಅಬೂಬಕರ್ ಇಬ್ನುಲ್ ಮುನ್ದಿರ್ ಬರೆದ ‘ಕಾಮಿಲುಸ್ಸಿನಾಅತೈನ್’ ಸುಲ್ತಾನರ ಹೆಸರಿನಿಂದ ‘ಅನ್ನಾಸಿರೀ’ ಎಂದೇ ಪ್ರಸಿದ್ಧವಾಯಿತು. 19ನೆಯ ಶತಮಾನದ ಮಧ್ಯದಲ್ಲಿ ಫ್ರೆಂಚ್ ವೈದ್ಯ ನಿಕೊಲಾ ಪೆರೋನ್ ಅದನ್ನು ತನ್ನ ಭಾಷೆಗೆ ಅನುವಾದಿಸಿದರು. ಕುದುರೆಯ ಗುಣಲಕ್ಷಣಗಳನ್ನೂ ‘ಉಯೂಬ್’ ಅಂದರೆ ದೋಷಗಳನ್ನೂ ವಿಂಗಡಿಸಿ ವಿವರಿಸುವುದು ಈ ಪರಂಪರೆಯ ಮುಖ್ಯ ಲಕ್ಷಣ. ಕುದುರೆಯನ್ನು ಕೊಳ್ಳುವವನು ಮೋಸಹೋಗಬಾರದು ಎಂಬುದೇ ಅದರ ಒಂದು ಉದ್ದೇಶವಾಗಿತ್ತು.

ನಮ್ಮ ನಾಡಿಗೂ ಈ ಇತಿಹಾಸಕ್ಕೂ ನೇರ ನಂಟಿದೆ. ಅರಬ್ ಮತ್ತು ಪರ್ಷಿಯಾದ ಕುದುರೆಗಳು ಹೊರ್ಮುಜ್‌ನಿಂದ ಹಡಗೇರಿ ಭಟ್ಕಳ, ಹೊನ್ನಾವರ, ಗೋವೆಗಳ ಬಂದರುಗಳಲ್ಲಿ ಇಳಿದು ವಿಜಯನಗರಕ್ಕೂ ಬಹಮನಿ ರಾಜ್ಯಕ್ಕೂ ಸಾಗುತ್ತಿದ್ದವು. ಸಾಳುವ ನರಸಿಂಹನು ಕುದುರೆಗಳಿಗಾಗಿ ಎಷ್ಟು ಹಂಬಲಿಸುತ್ತಿದ್ದನೆಂದರೆ, ಸಮುದ್ರಮಾರ್ಗದಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದನೆಂದು 16ನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಇಂತಹ ನಾಡಿನಲ್ಲಿ ಅಶ್ವವೈದ್ಯಕ್ಕೆ ಬೆಲೆ ಇಲ್ಲದಿದ್ದೀತೇ? ವಿಜಯನಗರ ಕಾಲದ ಕವಿ ಅಭಿನವಚಂದ್ರನು ಆ ವಿಷಯದಲ್ಲಿ ಕನ್ನಡದಲ್ಲಿಯೇ ಗ್ರಂಥ ರಚಿಸಿದನು. ಸಂಸ್ಕೃತದ ಶಾಲಿಹೋತ್ರ ಪರಂಪರೆಯು ಬಹಮನಿಯರ ಆಶ್ರಯದಲ್ಲಿ ಫಾರ್ಸಿಗೆ ಬಂದಿತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಸೇನೆಗಾಗಿ ಕುದುರೆ ಸಾಕುತ್ತಿದ್ದ ಕುಣಿಗಲ್ ಇಂದಿಗೂ ಕುದುರೆಗಳ ಊರೆಂದೇ ಹೆಸರಾಗಿದೆ.

ಇವರೆಲ್ಲರ ಕೈಯಲ್ಲಿದ್ದ ಉಪಕರಣಗಳು ಮೂರೇ: ಕಣ್ಣು, ಕೈ, ಕಿವಿ. ಮೂಗಿನ ಹೊಳ್ಳೆಯ ಅಗಲವನ್ನು ಕಣ್ಣು ಅಳೆಯಬಲ್ಲದು. ಗಂಟಲಿನ ಹೊರಭಾಗವನ್ನು ಕೈ ತಡವಿ ನೋಡಬಲ್ಲದು. ಆದರೆ ಗಂಟಲಿನ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಓಡಿಸಿ, ಸದ್ದನ್ನು ಆಲಿಸಿ, ಊಹಿಸಬೇಕಾಗಿತ್ತು.

ದೋಷವೋ, ಬರಿಯ ಅಭ್ಯಾಸವೋ?

ಊಹೆಯ ಮೇಲೆ ವ್ಯಾಪಾರ ನಡೆದರೆ ತಕರಾರು ತಪ್ಪದು. ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ‘ಖಿಯಾರುಲ್ ಐಬ್’ ಎಂಬ ಅಧ್ಯಾಯವಿದೆ. ಕೊಂಡ ಸರಕಿನಲ್ಲಿ ಮಾರಾಟಕ್ಕೆ ಮುಂಚೆಯೇ ಇದ್ದ ದೋಷವು ಅನಂತರ ಬಯಲಾದರೆ ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಯಾವುದು ದೋಷ? ಬಲ್ಲ ವ್ಯಾಪಾರಿಗಳ ರೂಢಿಯಲ್ಲಿ ಯಾವುದು ಬೆಲೆಯನ್ನು ಕುಗ್ಗಿಸುತ್ತದೋ ಅದು ದೋಷ ಎಂಬ ಅಳತೆಗೋಲನ್ನು ಹನಫೀ ಪಂಥದ ‘ಹಿದಾಯ’ ಗ್ರಂಥವು ನೀಡುತ್ತದೆ.

ಇದೇ ಪ್ರಶ್ನೆಯು ಇಂಗ್ಲೆಂಡಿನ ನ್ಯಾಯಾಲಯಗಳನ್ನೂ ಕಾಡಿತು. ಓಡುವಾಗ ಗರ್ಜಿಸುವ ಕುದುರೆಯನ್ನು ‘ನಿರ್ದೋಷಿ’ಯೆಂದು ಭರವಸೆ ಕೊಟ್ಟು ಮಾರಿದರೆ ಅದು ವಂಚನೆಯೇ? 1810ರ ಮೊಕದ್ದಮೆಯೊಂದರಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ನೀಡಿದ ಅಭಿಪ್ರಾಯದ ಸಾರಾಂಶವಿಷ್ಟು: ಸದ್ದು ಕೇವಲ ಕೆಟ್ಟ ಅಭ್ಯಾಸದಿಂದ ಬಂದದ್ದಾಗಿ, ಕುದುರೆಯ ಆರೋಗ್ಯಕ್ಕೂ ಶಕ್ತಿಗೂ ಕುಂದು ತರದಿದ್ದರೆ ಅದು ದೋಷವಲ್ಲ; ರೋಗದಿಂದ ಬಂದು ದುಡಿಮೆಗೆ ಅಡ್ಡಿಯಾಗುವಂತಿದ್ದರೆ ದೋಷ. 1817ರ ಮತ್ತೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಧೀಶರು, ಕುದುರೆಯ ಉಪಯುಕ್ತತೆಯನ್ನು ಶಾಶ್ವತವಾಗಿ ಕುಗ್ಗಿಸುವ ಯಾವುದೇ ಕಾಯಿಲೆ ದೋಷವೇ ಎಂದು ಹೇಳಿ ಗರ್ಜನೆಯನ್ನು ದೋಷಗಳ ಪಟ್ಟಿಗೆ ಸೇರಿಸಿದರು. ನ್ಯಾಯಾಧೀಶರ ತತ್ವ ಸ್ಪಷ್ಟವಾಗಿತ್ತು. ಆದರೆ ಸದ್ದು ಅಭ್ಯಾಸದಿಂದ ಬಂದದ್ದೋ ರೋಗದಿಂದ ಬಂದದ್ದೋ ಎಂದು ಜೀವಂತ ಕುದುರೆಯ ಗಂಟಲನ್ನು ನೋಡಿ ಹೇಳಬಲ್ಲ ಸಾಕ್ಷಿ ಅಂದು ಯಾರಿದ್ದರು?

ಆ ಕಾಲದ ಕುದುರೆ ಪರೀಕ್ಷಕರು ಒಂದು ಉಪಾಯವನ್ನು ಅನುಸರಿಸುತ್ತಿದ್ದರು. ಕುದುರೆಯನ್ನು ಗೋಡೆಯ ಬದಿಗೆ ನಿಲ್ಲಿಸಿ, ಪಕ್ಕೆಗೆ ಹೊಡೆಯುವವರಂತೆ ಕೋಲನ್ನು ಬೀಸುವುದು. ಬೆಚ್ಚಿದ ಪ್ರಾಣಿ ನರಳಿದ ದನಿ ಹೊರಡಿಸಿದರೆ ಗಂಟಲಿನಲ್ಲಿ ದೋಷವಿದೆಯೆಂದು ಶಂಕಿಸುವುದು. ಇದು ಸುಳಿವಷ್ಟೇ, ಪುರಾವೆಯಲ್ಲ. ದೋಷವಿಲ್ಲದ ಕುದುರೆಯೂ ಹೆದರಿ ನರಳಬಹುದು. ದೋಷವುಳ್ಳದ್ದು ಮೌನವಾಗಿಯೂ ಇರಬಹುದು. ಭಯಪಡಿಸಿ ಪಡೆದ ಹೇಳಿಕೆಯನ್ನು ನಮ್ಮ ಖಾಝಿಗಳು ಸಾಕ್ಷ್ಯವಾಗಿ ಒಪ್ಪುವುದಿಲ್ಲ ಎಂಬುದು ನನಗೆ ಇಲ್ಲಿ ನೆನಪಾಗುತ್ತದೆ.

ತಪ್ಪು ತೀರ್ಮಾನದ ಭಯ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ಆರ್ಮಂಡ್ ಎಂಬ ಕುದುರೆಯ ಕಥೆಯೇ ಸಾಕು. 1886ರಲ್ಲಿ ಇಂಗ್ಲೆಂಡಿನ ಮೂರು ಮಹಾ ಓಟಗಳನ್ನೂ ಗೆದ್ದ ಅದು ತಾನೋಡಿದ 16 ಓಟಗಳಲ್ಲಿ ಒಂದನ್ನೂ ಸೋಲಲಿಲ್ಲ. ಆದರೆ ಅದರ ಉಸಿರಿನಲ್ಲಿ ಗರ್ಜನೆ ಕಾಣಿಸಿಕೊಂಡಿತು; ಅದರ ತಾಯಿಯಲ್ಲಿಯೂ ಅದೇ ತೊಂದರೆಯಿತ್ತು. ದೋಷವು ದೇಶದ ಕುದುರೆಗಳಿಗೆಲ್ಲ ವಂಶಪಾರಂಪರ್ಯವಾಗಿ ಹರಡೀತೆಂದು ಅಂಜಿದ ಒಡೆಯ, ವೆಸ್ಟ್‌ಮಿನ್‌ಸ್ಟರಿನ ಡ್ಯೂಕ್, 1889ರಲ್ಲಿ ಅದನ್ನು ದೂರದ ಅರ್ಜೆಂಟೀನಾಕ್ಕೆ ಮಾರಿಬಿಟ್ಟನು. ಉಸಿರು ಕಟ್ಟುತ್ತಿದ್ದರೂ ಗೆಲ್ಲುತ್ತಲೇ ಇದ್ದ ಪ್ರಾಣಿ ಅದು. ಸದ್ದು ಎಷ್ಟಿದೆ ಎಂಬುದೂ ಅಡಚಣೆ ಎಷ್ಟಿದೆ ಎಂಬುದೂ ಒಂದೇ ಅಲ್ಲ ಎಂಬುದಕ್ಕೆ ಅದು ಜೀವಂತ ನಿದರ್ಶನವಾಗಿತ್ತು.

ನರದ ಸುತ್ತುದಾರಿ

ಗರ್ಜನೆಯ ಮೂಲವು ಒಂದು ನರದಲ್ಲಿದೆ. 2ನೆಯ ಶತಮಾನದಲ್ಲಿಯೇ ವೈದ್ಯ ಗ್ಯಾಲನ್, ನಮ್ಮ ಗ್ರಂಥಗಳ ‘ಜಾಲೀನೂಸ್’, ಆ ನರವನ್ನು ಗುರುತಿಸಿದ್ದರು. ಅದನ್ನು ತಡೆದೊಡನೆ ಕಿರುಚುತ್ತಿದ್ದ ಹಂದಿಯ ದನಿ ಅಡಗುವುದನ್ನು ಅವರು ರೋಮಿನಲ್ಲಿ ಜನರೆದುರು ತೋರಿಸಿದರು. ಅವರ ಕೃತಿಗಳನ್ನು 9ನೆಯ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನು ಇಸ್‌ಹಾಕ್ ಮತ್ತು ಅವರ ಶಿಷ್ಯರು ಅರಬಿಗೆ ತಂದು ಉಳಿಸಿದರು.

ಮೆದುಳಿನಿಂದ ಹೊರಟ ಈ ನರವು ಧ್ವನಿಪೆಟ್ಟಿಗೆಯ ಪಕ್ಕದಲ್ಲಿಯೇ ಸಾಗಿದರೂ ಅಲ್ಲಿ ನಿಲ್ಲುವುದಿಲ್ಲ. ಎಡಬದಿಯ ನರವು ಕತ್ತಿನುದ್ದಕ್ಕೂ ಕೆಳಗಿಳಿದು, ಎದೆಯಲ್ಲಿ ಹೃದಯದಿಂದ ಹೊರಡುವ ಮಹಾಧಮನಿಯನ್ನು ಬಳಸಿ, ಮತ್ತೆ ಕತ್ತಿನುದ್ದಕ್ಕೂ ಮೇಲೇರಿ ಧ್ವನಿಪೆಟ್ಟಿಗೆಯನ್ನು ತಲುಪುತ್ತದೆ. ಕುದುರೆಯ ನೀಳ ಕತ್ತಿನಲ್ಲಿ ಈ ಸುತ್ತುದಾರಿ ಬಹಳ ಉದ್ದ. ಬಲಬದಿಯದು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಕೆಲವು ಕುದುರೆಗಳಲ್ಲಿ, ಅದರಲ್ಲೂ ಎತ್ತರದವುಗಳಲ್ಲಿ, ಎಡ ನರದ ತಂತುಗಳು ಕೊನೆಯ ತುದಿಯಿಂದ ಕ್ಷಯಿಸುತ್ತಾ ಬರುತ್ತವೆ. ಅದು ಆಳುವ ಸ್ನಾಯು ಸೊರಗುತ್ತದೆ, ಬಾಗಿಲು ತೆರೆಯದಾಗುತ್ತದೆ.

ಕಾರಣ ತಿಳಿದ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯತ್ನಗಳಾದವು. 19ನೆಯ ಶತಮಾನದಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಗುಂಥರ್, 20ನೆಯ ಶತಮಾನದ ಆದಿಯಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ವಿಲಿಯಮ್ಸ್ ಈ ದಿಸೆಯಲ್ಲಿ ದುಡಿದರು. ಬ್ರಿಟನ್ನಿನ ಫ್ರೆಡರಿಕ್ ಹಾಬ್‌ಡೇ ಧ್ವನಿತಂತುವಿನ ಪಕ್ಕದ ಪುಟ್ಟ ಚೀಲದ ಒಳಪದರವನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ಸಾವಿರಾರು ಕುದುರೆಗಳ ಮೇಲೆ ನಡೆಸಿದರು. ಆ ಕ್ರಿಯೆಗೆ ಇಂಗ್ಲಿಷಿನಲ್ಲಿ ಅವರ ಹೆಸರೇ ಅಂಟಿಕೊಂಡಿತು. ಅದರಿಂದ ಸದ್ದು ಕಡಿಮೆಯಾಗುತ್ತಿತ್ತು. ಆದರೆ ಗಾಳಿಯ ದಾರಿ ಅದೇ ಪ್ರಮಾಣದಲ್ಲಿ ತೆರೆದುಕೊಳ್ಳುತ್ತಿರಲಿಲ್ಲ. 1970ರಲ್ಲಿ ಅಮೆರಿಕದ ವೈದ್ಯರು ಗಟ್ಟಿ ದಾರದ ಹೊಲಿಗೆಯಿಂದ ಬಿದ್ದ ಬಾಗಿಲನ್ನು ಎಳೆದು ಕಟ್ಟಿ ತೆರೆದಿಡುವ ವಿಧಾನವನ್ನು ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಅದಕ್ಕೂ ಬೆಲೆ ತೆರಬೇಕು: ಸದಾ ತೆರೆದ ಬಾಗಿಲಿನ ಮೂಲಕ ಮೇವಿನ ಚೂರು, ನೀರು ಶ್ವಾಸನಾಳಕ್ಕೆ ಇಳಿದು ಕೆಮ್ಮು ಬರಬಹುದು. ದೋಷವು ಅಂಗುಳದ್ದಾಗಿದ್ದು ಕತ್ತಿಯು ಧ್ವನಿಪೆಟ್ಟಿಗೆಯ ಮೇಲೆ ಪ್ರಯೋಗವಾದರೆ, ಆ ನೋವೆಲ್ಲ ವ್ಯರ್ಥ. ಆದ್ದರಿಂದಲೇ ರೋಗನಿದಾನವು ಚಿಕಿತ್ಸೆಗಿಂತ ದೊಡ್ಡ ಹೊಣೆಯಾಯಿತು.

ಕತ್ತಲೆಯ ಗಂಟಲಿಗೆ ಬೆಳಕು

ಜೀವಂತ ಮನುಷ್ಯನ ಧ್ವನಿಪೆಟ್ಟಿಗೆಯ ಚಲನೆಯನ್ನು ಚೆನ್ನಾಗಿ ನೋಡಿ ವಿವರಿಸಿದ ಕೀರ್ತಿ ಒಬ್ಬ ಸಂಗೀತ ಶಿಕ್ಷಕನಿಗೆ ಸಲ್ಲುತ್ತದೆ. 1854ರಲ್ಲಿ ಮ್ಯಾನ್ಯುವೆಲ್ ಗಾರ್ಸಿಯಾ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿ, ತನ್ನ ಗಂಟಲನ್ನು ತಾನೇ ನೋಡಿದನು. ಈ ಉಪಾಯವು ಕುದುರೆಗೆ ಒದಗಲಿಲ್ಲ. ಅದರ ಬಾಯಿ ಬಹಳ ಉದ್ದ. ಅದರ ಕೊನೆಯಲ್ಲಿ ಅಂಗುಳದ ತೆರೆ. ಬಾಯಿಯಿಂದ ಉಸಿರಾಡಲಾರದ ಪ್ರಾಣಿಯ ಧ್ವನಿಪೆಟ್ಟಿಗೆ ಬಾಯಿಯಿಂದ ಕಾಣುವುದಾದರೂ ಹೇಗೆ? ಮೂಗಿನ ಮೂಲಕವೇ ಹೋಗಬೇಕಿತ್ತು. ಗಡುಸಾದ ಲೋಹದ ನಳಿಗೆಗಳನ್ನು ಮೂಗಿನಲ್ಲಿ ತೂರಿಸಿ ನೋಡುವ ಪ್ರಯತ್ನಗಳು ಯುರೋಪಿನಲ್ಲಿ ನಡೆದವಾದರೂ, ಮಿಸುಕಾಡುವ ಕುದುರೆಗೂ ಪರೀಕ್ಷಕನಿಗೂ ಅದು ಅಪಾಯದ ಕೆಲಸವಾಗಿತ್ತು.

ದಾರಿ ತೆರೆದದ್ದು ಗಾಜಿನ ಎಳೆ. 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಬಾಗುವ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ತೋರಿಸಿದರು. ಮನುಷ್ಯನ ಜಠರವನ್ನು ನೋಡಲು ಬಂದ ಬಾಗುವ ಎಂಡೋಸ್ಕೋಪ್ 1970ರ ದಶಕದಲ್ಲಿ ಕುದುರೆಯ ವೈದ್ಯರ ಕೈ ಸೇರಿತು. ಶತಮಾನಗಳಿಂದ ಊಹಿಸುತ್ತಿದ್ದುದನ್ನು ಮೊದಲ ಬಾರಿಗೆ ಸಲೀಸಾಗಿ ಕಣ್ಣಾರೆ ಕಂಡರು.

ಕಂಡದ್ದರಿಂದ ಎಲ್ಲವೂ ತೀರ್ಮಾನವಾಯಿತೆಂದು ಭಾವಿಸಿದ್ದೇ ಹೊಸ ತಪ್ಪಿಗೆ ಕಾರಣವಾಯಿತು. ನೋಡುತ್ತಿದ್ದುದು ನಿಂತ ಕುದುರೆಯನ್ನು. ಮಂಪರು ಔಷಧ ಕೊಟ್ಟರೆ ಗಂಟಲಿನ ಸ್ನಾಯುಗಳೇ ಸಡಿಲವಾಗಿ, ಇಲ್ಲದ ದೋಷವು ಇರುವಂತೆ ತೋರುತ್ತಿತ್ತು. ಓಟದಲ್ಲಿ ಜಾರುವ ಅಂಗುಳವು ನಿಂತಾಗ ಸ್ವಸ್ಥಾನದಲ್ಲಿಯೇ ಇರುತ್ತಿತ್ತು. 2003ರಲ್ಲಿ ಈ ವಿಷಯದ ತಜ್ಞರು ಒಂದೆಡೆ ಕಲೆತು ಧ್ವನಿಪೆಟ್ಟಿಗೆಯ ಚಲನೆಯನ್ನು ನಿಂತ ಸ್ಥಿತಿಯಲ್ಲಿ ನಾಲ್ಕು ದರ್ಜೆಗಳಾಗಿಯೂ, ಓಟದಲ್ಲಿ ಮೂರು ದರ್ಜೆಗಳಾಗಿಯೂ ವಿಂಗಡಿಸಿದರು. ಒಂದೇ ಗಂಟಲಿಗೆ ಎರಡು ಅಳತೆಗೋಲುಗಳು ಬೇಕಾದದ್ದೇಕೆ? ನಿಂತಾಗ ಮೂರನೆಯ ದರ್ಜೆಯಲ್ಲಿರುವ ಕುದುರೆಯು ಓಟದಲ್ಲಿ ದಾರಿಯನ್ನು ಪೂರ್ತಿ ತೆರೆದಿಡಬಹುದು, ಅಥವಾ ಪೂರ್ತಿ ಕುಸಿಯಲೂಬಹುದು. ಯಾವುದೆಂಬುದು ಓಡಿಸದೆ ತಿಳಿಯದು.

ಓಡುತ್ತಿರುವಾಗಲೇ ನೋಡುವ ವಿದ್ಯೆ

ಓಡುವ ಕುದುರೆಯ ಗಂಟಲನ್ನು ನೋಡುವುದು ಹೇಗೆ? ಕುದುರೆ ಓಡಬೇಕು, ಆದರೆ ವೈದ್ಯನ ಎದುರಿನಿಂದ ಕದಲಬಾರದು. 1960ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಕುದುರೆಗಳ ದೇಹಶಕ್ತಿಯನ್ನು ಅಳೆಯಲು ಬೃಹತ್ ಟ್ರೆಡ್‌ಮಿಲ್ ಬಳಸಿದ್ದರು. 1980ರ ದಶಕದ ಕೊನೆಯ ಹೊತ್ತಿಗೆ ಅದೇ ಯಂತ್ರದ ಮೇಲೆ ಎಂಡೋಸ್ಕೋಪ್ ಪರೀಕ್ಷೆ ನಡೆಸುವುದು ರೂಢಿಗೆ ಬರತೊಡಗಿತು. ಮೊದಲು ಕುದುರೆಗೆ ಯಂತ್ರದ ಪರಿಚಯ ಮಾಡಿಸುತ್ತಾರೆ. ಅನಂತರ ಮೂಗಿನ ಹೊಳ್ಳೆಯ ಮೂಲಕ ನಳಿಗೆಯನ್ನು ಇಳಿಸಿ ತಲೆಗಟ್ಟಿಗೆ ಭದ್ರಪಡಿಸುತ್ತಾರೆ. ಪಟ್ಟಿಯ ವೇಗವನ್ನೂ ಏರನ್ನೂ ಹಂತಹಂತವಾಗಿ ಹೆಚ್ಚಿಸಿ, ಪ್ರಾಣಿ ನಿಜಕ್ಕೂ ದಣಿಯುವವರೆಗೆ ಓಡಿಸುತ್ತಾರೆ. ದಾರಿ ಕುಸಿಯುವುದು ಕ್ಷಣಮಾತ್ರದಲ್ಲಿ. ಆದ್ದರಿಂದ ಚಿತ್ರೀಕರಿಸಿದ್ದನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡುತ್ತಾರೆ.

ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡವೊಂದು ಹೀಗೆ ಪರೀಕ್ಷಿಸಿದ 600 ಓಟದ ಕುದುರೆಗಳ ಅಧ್ಯಯನವನ್ನು 2006ರಲ್ಲಿ ಪ್ರಕಟಿಸಿತು. ಬಹಳ ಚರ್ಚೆಗೆ ಒಳಗಾಗಿದ್ದ ಧ್ವನಿಪೆಟ್ಟಿಗೆಯ ದೋಷಕ್ಕಿಂತ ಅಂಗುಳದ ದೋಷವೇ ಅಲ್ಲಿ ಹೆಚ್ಚಾಗಿ ಕಂಡುಬಂದಿತು. ಅನೇಕ ಕುದುರೆಗಳಲ್ಲಿ ಒಂದಕ್ಕಿಂತ ಹೆಚ್ಚು ಅಡಚಣೆಗಳು ಒಟ್ಟಿಗೆ ಇದ್ದವು. ನಿಂತಾಗ ಕಂಡದ್ದನ್ನೂ ಓಟದಲ್ಲಿ ಕಂಡದ್ದನ್ನೂ ಹೋಲಿಸಿದಾಗ, ನಿಂತ ಕುದುರೆಯ ಪರೀಕ್ಷೆಯನ್ನೇ ನೆಚ್ಚಿದರೆ ಬಹಳಷ್ಟು ಬಾರಿ ತಪ್ಪಾಗುತ್ತದೆಂಬುದು ಖಚಿತವಾಯಿತು.

ಟ್ರೆಡ್‌ಮಿಲ್ಲಿಗೂ ಮಿತಿಗಳಿವೆ. ಅಲ್ಲಿ ಬೆನ್ನ ಮೇಲೆ ಸವಾರನಿಲ್ಲ; ಕತ್ತನ್ನು ಬಾಗಿಸುವ ಲಗಾಮಿನ ಎಳೆತವಿಲ್ಲ; ಕಾಲ ಕೆಳಗೆ ಮಣ್ಣಿಲ್ಲ. ಕತ್ತು ಬಾಗಿದಾಗ ಮಾತ್ರ ಕುಸಿಯುವ ಗಂಟಲು ಅಲ್ಲಿ ತನ್ನ ದೋಷವನ್ನು ತೋರಿಸದು. 2008ರಲ್ಲಿ ಬ್ರಿಟನ್ನಿನ ಸಂಶೋಧಕರು ಕುದುರೆಯೇ ಹೊತ್ತು ಓಡಬಲ್ಲ ಎಂಡೋಸ್ಕೋಪಿನ ಮೊದಲ ಪ್ರಯೋಗಗಳನ್ನು ಪ್ರಕಟಿಸಿದರು. ನಳಿಗೆ ಮೂಗಿನಲ್ಲಿ, ಬ್ಯಾಟರಿ ಮತ್ತು ಯಂತ್ರ ಕುದುರೆಯ ಮೈಮೇಲೆ, ಚಿತ್ರ ನಿಸ್ತಂತುವಾಗಿ ವೈದ್ಯನ ಪರದೆಗೆ. ಕುದುರೆ ತನ್ನ ಮೈದಾನದಲ್ಲಿ, ತನ್ನ ಸವಾರನೊಂದಿಗೆ ಓಡುತ್ತಿರುವಾಗಲೇ ವೈದ್ಯನು ಅದರ ಗಂಟಲನ್ನು ನೋಡಬಲ್ಲನು. ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಸ್ಪರ್ಧೆಯಲ್ಲಿ ಓಡುವಷ್ಟು ದೂರ, ಅಷ್ಟೇ ಬಿರುಸಿನಿಂದ ಓಡಿಸದಿದ್ದರೆ ಅಂಗುಳದ ದೋಷವು ಮತ್ತೆ ಮರೆಯಲ್ಲೇ ಉಳಿದೀತು.

ರಾಶಿಯೊಳಗೆ ಇಳಿದ ಕೈ

ಒಂದು ಸಂಗತಿಯನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ಈ ಜ್ಞಾನದ ದೊಡ್ಡ ಭಾಗವು ಜೂಜಿನ ಹಣ ಹರಿಯುವ ಮೈದಾನಗಳ ಅಗತ್ಯದಿಂದ ಬೆಳೆಯಿತು. ಜೂಜು ನಮಗೆ ನಿಷಿದ್ಧ, ಅದರಲ್ಲಿ ಸಂದೇಹವಿಲ್ಲ. ಆದರೆ ನೋವಿನ ಕಾರಣವನ್ನು ಕಂಡುಹಿಡಿಯುವ ವಿದ್ಯೆ ಎಲ್ಲಿ ಬೆಳೆದರೂ ಅದು ಮನುಷ್ಯಕುಲದ ಸೊತ್ತು. ಗ್ರೀಕರ ಅಶ್ವವೈದ್ಯವನ್ನು ಬಗ್ದಾದಿನ ನಮ್ಮ ಹಿರಿಯರು ಇದೇ ಮನೋಭಾವದಿಂದ ಸ್ವೀಕರಿಸಿದ್ದರು.

ಸಹೀಹ್ ಮುಸ್ಲಿಮಿನಲ್ಲಿರುವ ಒಂದು ಪ್ರಸಂಗ ನಮಗೆಲ್ಲ ತಿಳಿದದ್ದೇ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದನ್ನು ಕಂಡ ಪ್ರವಾದಿವರ್ಯರು(ಸ) ಅದರೊಳಗೆ ಕೈ ಇಳಿಸಿದರು. ಮೇಲೆ ಒಣಗಿದ್ದ ರಾಶಿ ಒಳಗೆ ತೇವವಾಗಿತ್ತು. ಮಳೆ ಬಿದ್ದದ್ದೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ವಿಚಾರಿಸಿ, ವಂಚನೆಯ ಬಗ್ಗೆ ಕಠಿಣವಾಗಿ ಎಚ್ಚರಿಸಿದರು. ಈ ಪ್ರಸಂಗವನ್ನು ನಾನು ಇದುವರೆಗೆ ವ್ಯಾಪಾರಿಯ ಪ್ರಾಮಾಣಿಕತೆಯ ಪಾಠವಾಗಿ ಮಾತ್ರ ಬೋಧಿಸುತ್ತಿದ್ದೆ. ಈಗ ಅದರಲ್ಲಿ ಪರೀಕ್ಷಕನ ಕರ್ತವ್ಯವೂ ಕಾಣುತ್ತಿದೆ. ಮೇಲ್ಮೈಯನ್ನು ನೋಡಿ ತೃಪ್ತರಾಗದೆ, ತೇವವಿರುವಲ್ಲಿಗೆ ಕೈ ಇಳಿಸಬೇಕು. ಕುದುರೆಯ ವಿಷಯದಲ್ಲಿ ಹಾಗೆ ಕೈ ಇಳಿಸುವುದಕ್ಕೆ ಅದನ್ನು ಓಡಿಸಿಯೇ ನೋಡಬೇಕಾಯಿತು. ಆ ಉಪಾಯವನ್ನು ಕಂಡುಕೊಳ್ಳಲು ಮನುಷ್ಯನಿಗೆ ಇಷ್ಟು ಶತಮಾನಗಳು ಹಿಡಿದವು.

ಧಾನ್ಯದ ರಾಶಿಗೆ ನೋವಿಲ್ಲ. ಕುದುರೆಗೆ ಇದೆ, ಮಾತಿಲ್ಲ. ಮಾತು ಬಾರದ ಪ್ರಾಣಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಬೇಕೆಂದು ಪ್ರವಾದಿವರ್ಯರು(ಸ) ಉಪದೇಶಿಸಿದ್ದು ಹಸಿದು ಬಡಕಲಾಗಿದ್ದ ಒಂಟೆಯೊಂದನ್ನು ಕಂಡಾಗ. ಆ ಒಂಟೆಯ ಸಂಕಟ ಕಣ್ಣಿಗೆ ಕಾಣುತ್ತಿತ್ತು. ಗುರಿಯ ಸಮೀಪದಲ್ಲಿ ಉಸಿರು ಕಟ್ಟಿ ನಿಧಾನವಾದ ಕುದುರೆಯ ಸಂಕಟ ಕಾಣುವುದಿಲ್ಲ. ಅದು ಸೋಮಾರಿತನದಂತೆ ತೋರುತ್ತದೆ. ಕಾಣದ ಸಂಕಟವನ್ನು ಹುಡುಕಿ ತಿಳಿಯದೆ ಚಾಟಿ ಎತ್ತುವವನು ಆ ಉಪದೇಶವನ್ನು ಅರ್ಧವಷ್ಟೇ ಕೇಳಿಸಿಕೊಂಡಿದ್ದಾನೆ.

ಕೊನೆಗೂ ಆ ಹುಡುಗನಿಗೆ ಉತ್ತರ ಹೇಳಿದೆ. ಕುದುರೆಗೆ ಉಸಿರಾಡಲು ಒಂದೇ ದಾರಿ. ಆ ದಾರಿ ಸರಿಯಿದೆಯೇ ಎಂಬುದು ಅದು ಓಡುವಾಗ ಮಾತ್ರ ತಿಳಿಯುತ್ತದೆ ಎಂದೆ. ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಸೋತ ಕುದುರೆಯನ್ನು ಹೊಡೆಯುವ ಮುಂಚೆ ಡಾಕ್ಟರಿಗೆ ತೋರಿಸಬೇಕಲ್ಲವೇ ಉಸ್ತಾದ್?” ಎಂದ. ನಮ್ಮ ತರಗತಿಯಲ್ಲಿ ಎಲ್ಲರೊಡನೆ ಸರಾಗವಾಗಿ ಓದಲಾರದೆ ನಡುವೆ ನಿಂತುಬಿಡುವ ಇಬ್ಬರು ಮಕ್ಕಳಿದ್ದಾರೆ. ಅವನ ಮಾತು ಕೇಳಿ ನನ್ನ ಕಣ್ಣು ಅವರ ಕಡೆಗೆ ಹೋಯಿತು. ಅವರು ನಿಲ್ಲುವುದೇಕೆಂದು ನಾನು ಅಂದಿನವರೆಗೆ ವಿಚಾರಿಸಿರಲಿಲ್ಲ. ಅಂದು ಸಂಜೆ ಇಬ್ಬರ ಮನೆಗೂ ಹೋಗಿ ಬಂದೆ.